ಊರು ಬೆಳೆಯಿತು, ದಾದಾನೂ ಬೆಳೆದ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಜನಕ್ಕೆ ಎರಡು ಮಹಾನಗರಗಳ ನಂಟು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತು. ಅಲ್ಲಿಂದ 1956ರ ನವೆಂಬರ್ 1ರವರೆಗೆ ಈ ಭಾಗದ ರಾಜಧಾನಿ ಮುಂಬಯಿಯೇ. ಕೋರ್ಟು ಕಚೇರಿಯ ದೊಡ್ಡ ವ್ಯವಹಾರಕ್ಕೂ, ಹೊಟ್ಟೆಪಾಡಿಗೂ ಜನ ಅತ್ತ ಮುಖ ಮಾಡಿದರು. ರಾಜ್ಯಗಳ ಪುನರ್‌ವಿಂಗಡಣೆಯ ನಂತರ ದಿಕ್ಕು ಬದಲಾಯಿತು. ಇಂದು ಸಂಜೆಯಾದರೆ ಈ ಮೂರೂ ಊರುಗಳಿಂದ ಹೊರಡುವ ರಾತ್ರಿ ಬಸ್ಸುಗಳು ಬೆಳಗಾಗುವಷ್ಟರಲ್ಲಿ ಬೆಂಗಳೂರು ತಲುಪುತ್ತವೆ. ಆ ಬಸ್ಸುಗಳಲ್ಲಿ ಓದಲು ಹೋಗುವವರಿದ್ದಾರೆ, ನೌಕರಿಗೆ ಹೋಗುವವರಿದ್ದಾರೆ, ಉಳಿತಾಯದ ಹಣದಲ್ಲಿ ಅಲ್ಲೊಂದು ನಿವೇಶನ ಕೊಳ್ಳಲು ಹೊರಟವರೂ ಇದ್ದಾರೆ.

ಮಕ್ಕಳನ್ನು ಬಸ್ಸು ಹತ್ತಿಸುವ ಹಿರಿಯರ ಮನಸ್ಸಿನಲ್ಲಿ ಹಳೆಯದೊಂದು ಅಳುಕು ಇದ್ದೇ ಇರುತ್ತದೆ. ಅದು ಪಟ್ಟಣದ ರೌಡಿಗಳ ಬಗೆಗಿನ ಅಳುಕು. ಸಿನಿಮಾ ಅದನ್ನು ದೊಡ್ಡದು ಮಾಡಿದೆ. ಅದರ ಜೊತೆಗೆ ಬೆಳೆದ ಇನ್ನೊಂದು ನಂಬಿಕೆಯೆಂದರೆ, ಹೊರಗಿನಿಂದ ಬಂದವರೇ ಊರು ಕೆಡಿಸಿದರು ಎಂಬುದು. ಈ ಮಾತು ಬೆಂಗಳೂರಿನಲ್ಲಿ ಕೇಳುತ್ತದೆ, ಮುಂಬಯಿಯಲ್ಲಿ ಕೇಳಿತ್ತು, ನೂರೈವತ್ತು ವರ್ಷಗಳ ಹಿಂದೆ ನ್ಯೂಯಾರ್ಕಿನಲ್ಲೂ ಕೇಳಿತ್ತು. ಆದರೆ ಈ ನಗರಗಳ ಬೀದಿ ಗುಂಪುಗಳ ಚರಿತ್ರೆಯನ್ನು ಒಟ್ಟಿಗಿಟ್ಟು ನೋಡಿದರೆ ಬೇರೆಯದೇ ಸಂಗತಿ ಕಾಣುತ್ತದೆ. ದಾದಾನನ್ನು ವಲಸಿಗ ಹೊತ್ತು ತರಲಿಲ್ಲ. ಬಂದವರಿಗೆ ಕೆಲಸ, ನೀರು, ನೆಲ, ಸಾಲ ಇವು ನ್ಯಾಯವಾದ ದಾರಿಯಲ್ಲಿ ಸಿಗದಿದ್ದಾಗ ಅವನ್ನು ಕೊಡಿಸುವ ಮಧ್ಯವರ್ತಿಯಾಗಿ ದಾದಾ ಹುಟ್ಟಿಕೊಂಡ.

ಅಮೆರಿಕದ ಪದ, ಅಮೆರಿಕದ ಪಾಠ

'ರೌಡಿ' ಎಂಬ ಪದವೇ ವಲಸೆ ಬಂದದ್ದು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಒರಟು ಗಲಾಟೆಕೋರನಿಗೆ ಹುಟ್ಟಿದ ಹೆಸರು ಇಂಗ್ಲಿಷಿನ ಮೂಲಕ ನಮ್ಮ ಪೊಲೀಸ್ ದಫ್ತರ ಸೇರಿ, ಅಲ್ಲಿಂದ ಕನ್ನಡದ ಮನೆಮಾತಾಯಿತು. ಹುಟ್ಟಿದ ನಾಡಿನಲ್ಲಿ ಈಗ ಅದು ಬರೀ ಗದ್ದಲವನ್ನು ಸೂಚಿಸುವ ಸಾಧಾರಣ ಪದ. ನಮ್ಮಲ್ಲಿ ಮಾತ್ರ ಅದೊಂದು ವೃತ್ತಿಯ ಹೆಸರಾಗಿ, 'ರೌಡಿ ಶೀಟರ್' ಎಂಬ ದಾಖಲೆಯಾಗಿ ಉಳಿದಿದೆ.

1840ರ ದಶಕದ ಕ್ಷಾಮದಲ್ಲಿ ಐರ್ಲೆಂಡಿನ ಲಕ್ಷಾಂತರ ಜನ ಹಡಗು ಹತ್ತಿ ಅಮೆರಿಕಕ್ಕೆ ಬಂದರು. ನ್ಯೂಯಾರ್ಕಿನ ಫೈವ್ ಪಾಯಿಂಟ್ಸ್ ಎಂಬ ತಗ್ಗು ಪ್ರದೇಶದ ಇಕ್ಕಟ್ಟಿನ ಮನೆಗಳಲ್ಲಿ ಅವರಲ್ಲಿ ಅನೇಕರು ನೆಲೆಸಿದರು. ಅಲ್ಲಿ ಐರಿಷ್ ಹುಡುಗರ ಗುಂಪುಗಳಿದ್ದವು. ಅವರನ್ನು ವಿರೋಧಿಸುವ, ತಾವೇ ಮೂಲನಿವಾಸಿಗಳೆಂದು ಹೇಳಿಕೊಳ್ಳುವ 'ಬೋವರಿ ಬಾಯ್ಸ್' ಎಂಬ ಗುಂಪೂ ಇತ್ತು. 1857ರ ಜುಲೈ 4ರಂದು, ಅಮೆರಿಕದ ಸ್ವಾತಂತ್ರ್ಯ ದಿನದಂದೇ, ಈ ಗುಂಪುಗಳ ನಡುವೆ ದೊಡ್ಡ ಕಾಳಗ ನಡೆಯಿತು. ಆ ವರ್ಷ ನ್ಯೂಯಾರ್ಕಿನಲ್ಲಿ ಎರಡು ಪೊಲೀಸ್ ಪಡೆಗಳಿದ್ದು, ಅವು ತಮ್ಮಲ್ಲೇ ಬಡಿದಾಡಿಕೊಂಡಿದ್ದವು. ಊರಿಗೆ ದಿಕ್ಕಿಲ್ಲದ ಹೊತ್ತಿನಲ್ಲಿ ಬೀದಿ ಗುಂಪುಗಳಿಗೆ ಬಲ ಬಂದದ್ದು ಆಶ್ಚರ್ಯವಲ್ಲ.

ಐರಿಷ್ ಗುಂಪುಗಳಿಗೆ ಆಶ್ರಯ ಕೊಟ್ಟದ್ದು ಟ್ಯಾಮನಿ ಹಾಲ್ ಎಂಬ ರಾಜಕೀಯ ಕೂಟ. ಹಡಗಿನಿಂದಿಳಿದವನಿಗೆ ಕೆಲಸ ಕೊಡಿಸುವುದು, ಪೌರತ್ವದ ಕಾಗದ ಮಾಡಿಸುವುದು, ಚಳಿಗಾಲದಲ್ಲಿ ಕಲ್ಲಿದ್ದಲು ಹಂಚುವುದು, ಬದಲಿಗೆ ಮತ ಪಡೆಯುವುದು ಅದರ ಪದ್ಧತಿ. ಚುನಾವಣೆಯ ದಿನ ಮತಗಟ್ಟೆಯ ಬಳಿ ನಿಲ್ಲಲು ಗಟ್ಟಿ ತೋಳುಗಳು ಬೇಕಾಗುತ್ತಿದ್ದವು.

ಶಿಕಾಗೊ ನಗರದ ಸಮಾಜಶಾಸ್ತ್ರಜ್ಞ ಫ್ರೆಡರಿಕ್ ಥ್ರಾಷರ್ ಅಲ್ಲಿನ 1,313 ಗುಂಪುಗಳನ್ನು ಅಭ್ಯಸಿಸಿ 1927ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅವರು ಕಂಡ ಸತ್ಯ ಸರಳ. ಗುಂಪುಗಳು ಹುಟ್ಟುವುದು ಊರಿನ ಸಂದುಗಳಲ್ಲಿ. ವ್ಯಾಪಾರದ ಬೀದಿಗೂ ಅನುಕೂಲಸ್ಥರ ಬಡಾವಣೆಗೂ ನಡುವೆ ಯಾರಿಗೂ ಸೇರದೆ ಉಳಿದ ಜಾಗಗಳಲ್ಲಿ. ಅಲ್ಲಿ ವಾಸಿಸುವ ಜನರ ಮೂಲ ಬದಲಾಗುತ್ತ ಹೋದರೂ ಅಂಥ ಸಂದುಗಳಲ್ಲಿ ಗುಂಪುಗಳು ಹುಟ್ಟುತ್ತಲೇ ಇದ್ದವು. ದೋಷ ಬಂದವರ ರಕ್ತದಲ್ಲಿಲ್ಲ, ಅವರು ನಿಂತ ನೆಲದಲ್ಲಿದೆ ಎಂಬುದು ಅದರ ತಾತ್ಪರ್ಯ.

ಮುಂಬಯಿಯ 'ಅಣ್ಣ'

ಮರಾಠಿಯಲ್ಲಿ 'ದಾದಾ' ಎಂದರೆ ಅಣ್ಣ. ಈ ಪ್ರೀತಿಯ ಪದಕ್ಕೆ ಭಯದ ಅರ್ಥ ಹತ್ತಿದ್ದು ಮುಂಬಯಿಯ ಗಿರಣಿ ಬೀದಿಗಳಲ್ಲಿ. ರತ್ನಾಗಿರಿಯಿಂದಲೋ ಘಟ್ಟದ ಮೇಲಿನ ಹಳ್ಳಿಯಿಂದಲೋ ಬಂದವನಿಗೆ ಬಟ್ಟೆ ಗಿರಣಿಯಲ್ಲಿ ನೇರವಾಗಿ ಕೆಲಸ ಸಿಗುತ್ತಿರಲಿಲ್ಲ. 'ಜಾಬರ್' ಎಂಬ ಮೇಸ್ತ್ರಿಯೇ ಆಳು ಹಿಡಿಯುವವನು. ಗಿರಣಿಯಲ್ಲಿ ಕೆಲಸ ಕೊಡಿಸುವ ಅವನ ಪ್ರಭಾವ ಬೀದಿಯಲ್ಲೂ ನಡೆಯುತ್ತಿತ್ತು. ಮಲಗಲು ಕೋಣೆ, ಕಿರಾಣಿ ಅಂಗಡಿಯಲ್ಲಿ ಉದ್ರಿ, ಊರಿಗೆ ಹೋಗಲು ಕೈಸಾಲ ಇವಕ್ಕೆಲ್ಲ ಯಾರಾದರೊಬ್ಬ ಪ್ರಭಾವಿಯ ಮಾತು ಬೇಕಿತ್ತು. ಬೀದಿಯ ವ್ಯಾಯಾಮಶಾಲೆಯ ಪೈಲ್ವಾನರು, ಓಣಿಯ ದಾದಾಗಳು, ಗಿರಣಿಯ ಮೇಸ್ತ್ರಿಗಳು ಒಂದೇ ಬಲೆಯ ಎಳೆಗಳು. 1935ರಲ್ಲಿ ಬದಲಿ ಕಾರ್ಮಿಕರ ನೇಮಕಕ್ಕೆ ನಿಯಮ ಬಂದು ಮೇಸ್ತ್ರಿಯ ಹಿಡಿತ ನಿಧಾನವಾಗಿ ಸಡಿಲಗೊಂಡಿತು.

ಅಷ್ಟರಲ್ಲಿ ಇನ್ನೊಂದು ಕೊರತೆ ಹುಟ್ಟಿತು. 1949ರ ಮುಂಬಯಿ ಪಾನನಿಷೇಧ ಕಾಯ್ದೆ ಹೆಂಡವನ್ನು ಕತ್ತಲಿಗೆ ತಳ್ಳಿತು. ಅಮೆರಿಕದಲ್ಲಿ 1920ರಿಂದ 1933ರವರೆಗಿನ ಪಾನನಿಷೇಧ ಶಿಕಾಗೊದ ಅಲ್ ಕಪೋನ್‌ನನ್ನು ಬೆಳೆಸಿದ ಕಥೆಯೇ ಇಲ್ಲೂ ಮರುಕಳಿಸಿತು. ತಮಿಳುನಾಡಿನಿಂದ ಬಂದು ವಿಕ್ಟೋರಿಯಾ ಟರ್ಮಿನಸ್ ನಿಲ್ದಾಣದಲ್ಲಿ ಹಮಾಲಿ ಮಾಡುತ್ತಿದ್ದ ವರದರಾಜನ್ ಮುದಲಿಯಾರ್ ಧಾರಾವಿ, ಮಾಟುಂಗಾ ಸುತ್ತಿನ ಕಳ್ಳಬಟ್ಟಿ ದಂಧೆಯಿಂದ ದೊಡ್ಡವನಾದ. ಅವನ ಹಿಂದೆ ಜನ ನಿಂತದ್ದು ಭಯದಿಂದ ಮಾತ್ರವಲ್ಲ. ಜೋಪಡಿಗೆ ನೀರು, ವಿದ್ಯುತ್ತು, ಪಡಿತರ ಚೀಟಿ ಕೊಡಿಸುವ ಶಕ್ತಿ ಅವನಿಗಿತ್ತು. ನಗರಪಾಲಿಕೆ ಕೊಡಬೇಕಾದದ್ದನ್ನು ಅವನು ಕೊಟ್ಟ, ಅದಕ್ಕೆ ಬೆಲೆಯನ್ನೂ ವಸೂಲು ಮಾಡಿದ. 1982ರ ಜನವರಿಯಲ್ಲಿ ದತ್ತಾ ಸಾಮಂತ್ ನೇತೃತ್ವದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಗಿರಣಿ ಕಾರ್ಮಿಕರು ಹೂಡಿದ ಮುಷ್ಕರ ವಿಫಲವಾದ ಮೇಲೆ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಕೆಲಸವಿಲ್ಲದ ಮನೆಗಳ ಹುಡುಗರಲ್ಲಿ ಕೆಲವರನ್ನು ಹೊಸ ಗುಂಪುಗಳು ಸೆಳೆದುಕೊಂಡವು.

ಮುಂಬಯಿಯ ಈ ಚರಿತ್ರೆಯಲ್ಲಿ ಕನ್ನಡಿಗರು ನೆನಪಿಡಬೇಕಾದ ಸಂಗತಿ ಒಂದಿದೆ. 1966ರಲ್ಲಿ ಶಿವಸೇನೆ ಹುಟ್ಟಿದಾಗ ಅದು 'ಹೊರಗಿನವರು' ಎಂದು ಬೆರಳು ತೋರಿದ್ದು ದಕ್ಷಿಣ ಭಾರತೀಯರತ್ತ. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ಬೆಳಗಿನಿಂದ ರಾತ್ರಿವರೆಗೆ ಲೋಟ ತೊಳೆದು, ಊರಿಗೆ ಮನಿಯಾರ್ಡರ್ ಕಳಿಸುತ್ತಿದ್ದ ಕರಾವಳಿಯ ಹುಡುಗರೂ ಆ ಲೆಕ್ಕದಲ್ಲಿ ಊರು ಕೆಡಿಸಲು ಬಂದವರೇ ಆಗಿದ್ದರು.

ಅದೇ ಹುಡುಗರಿಗೆ ಇನ್ನೊಂದು ಆಸರೆಯೂ ಇತ್ತು. ಮುಂಬಯಿಯ ಕನ್ನಡ, ತುಳು ಸಮುದಾಯಗಳು ರಾತ್ರಿಶಾಲೆಗಳನ್ನು ನಡೆಸಿದವು. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿ ಇಂಥ ಕೆಲಸದಲ್ಲಿ ತೊಡಗಿದ ಹಳೆಯ ಸಂಸ್ಥೆಗಳಲ್ಲೊಂದು. ಹಗಲು ಹೋಟೆಲು, ರಾತ್ರಿ ಶಾಲೆ ಎಂದು ಓದಿ ಗುಮಾಸ್ತರು, ವಕೀಲರು, ಲೆಕ್ಕಪರಿಶೋಧಕರು ಆದವರು ಬಹಳ ಮಂದಿ. ಊರು ಒಂದೇ, ಬಡತನ ಒಂದೇ, ವಯಸ್ಸೂ ಒಂದೇ. ಬಂದವನ ಕೈ ಹಿಡಿದವರು ಯಾರು ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಗರಡಿಯಿಂದ ಮಾರುಕಟ್ಟೆಗೆ

ಬೆಂಗಳೂರು ಮೊದಲಿನಿಂದಲೂ ಬಂದವರ ಊರೇ. ಕೆಂಪೇಗೌಡ ಕಟ್ಟಿಸಿದ ಪೇಟೆಗೆ ನೇಕಾರರು, ಎಣ್ಣೆಗಾಣದವರು, ಬಳೆಗಾರರು, ವರ್ತಕರು ಬಂದು ಸೇರಿದರು. 1809ರಲ್ಲಿ ಬ್ರಿಟಿಷರ ದಂಡು ಪ್ರದೇಶ ಆರಂಭವಾದಾಗ ತಮಿಳು ಮಾತನಾಡುವ ಜನ ದೊಡ್ಡ ಸಂಖ್ಯೆಯಲ್ಲಿ ಬಂದರು. ಪೇಟೆ ಮತ್ತು ದಂಡು ಒಂದೇ ನಗರಪಾಲಿಕೆಯ ಕೆಳಗೆ ಬಂದದ್ದು 1949ರಲ್ಲಿ.

ಪೇಟೆಯ ಓಣಿಗಳಲ್ಲಿ ಗರಡಿಮನೆಗಳಿದ್ದವು. ಕರಗದ ಉತ್ಸವಕ್ಕೂ ಗರಡಿಗಳಿಗೂ ಹತ್ತಿರದ ಸಂಬಂಧ. ಕೆಮ್ಮಣ್ಣಿನ ಅಖಾಡದಲ್ಲಿ ಸಾಮು ಮಾಡಿದ ಪೈಲ್ವಾನನಿಗೆ ಓಣಿಯಲ್ಲಿ ಗೌರವವಿತ್ತು. ಜಗಳ ಬಿಡಿಸಲು ಜನ ಅವನನ್ನು ಕರೆಯುತ್ತಿದ್ದರು. ಆ ಬಲಕ್ಕೆ ಉಸ್ತಾದನ ಕಟ್ಟುಪಾಡು ಇತ್ತು, ದೇವರ ಭಯವೂ ಇತ್ತು. ಊರು ಚಿಕ್ಕದಾಗಿರುವವರೆಗೆ ಆ ಕಟ್ಟುಪಾಡು ನಡೆಯಿತು.

ಊರು ಚಿಕ್ಕದಾಗಿ ಉಳಿಯಲಿಲ್ಲ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1950ರ ದಶಕದಲ್ಲಿ ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಬಂದವು. 1941ರಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ 1961ಕ್ಕೆ 12 ಲಕ್ಷವಾಯಿತು. 1971ರಲ್ಲಿ ಸುಮಾರು 16.5 ಲಕ್ಷವಿದ್ದದ್ದು 1981ಕ್ಕೆ 29 ಲಕ್ಷ ದಾಟಿತು. ಹತ್ತೇ ವರ್ಷಗಳಲ್ಲಿ ಶೇಕಡಾ 75ಕ್ಕೂ ಮೀರಿದ ಏರಿಕೆ. ಕಾವೇರಿ ನೀರು ಮೊದಲ ಬಾರಿಗೆ ಊರಿಗೆ ಹರಿದದ್ದು 1974ರಲ್ಲಿ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಹುಟ್ಟಿದ್ದು 1976ರಲ್ಲಿ. ಜನ ಬಂದ ವೇಗಕ್ಕೆ ನಲ್ಲಿಯೂ ನಿವೇಶನವೂ ಬರಲಿಲ್ಲ.

ಬೆಂಗಳೂರಿನ ಭೂಗತ ಲೋಕ ಎಂದು ಮುಂದೆ ಕರೆಸಿಕೊಂಡದ್ದು ಬೆಳೆದದ್ದು ಈ ದಶಕದಲ್ಲೇ. ಕೃಷ್ಣರಾಜೇಂದ್ರ ಮಾರುಕಟ್ಟೆ, ಕಲಾಸಿಪಾಳ್ಯ, ಮೆಜೆಸ್ಟಿಕ್ ಸುತ್ತಮುತ್ತಲ ತರಕಾರಿ ಮಂಡಿ, ಲಾರಿ ನಿಲ್ದಾಣ, ಚಿತ್ರಮಂದಿರಗಳ ಬಾಗಿಲು ಇವೇ ಅದರ ಕ್ಷೇತ್ರ. ತಳ್ಳುಗಾಡಿಯವನಿಗೆ ನಿಲ್ಲಲು ಪರವಾನಗಿ ಇಲ್ಲ. ಆದ್ದರಿಂದ ನಿಲ್ಲಲು ಬಿಡುವವನಿಗೆ ಮಾಮೂಲು ಕೊಡಬೇಕು. ಹೀಗೆ ಅಂಗಡಿಯಿಂದ ಅಂಗಡಿಗೆ ಹೋಗಿ ಹಣ ಎತ್ತುವುದಕ್ಕೆ ಬೆಂಗಳೂರಿನ ಬೀದಿ ಭಾಷೆ ಕೊಟ್ಟ ಹೆಸರು 'ರೋಲ್‌ಕಾಲ್'. ಶಾಲೆಯ ಹಾಜರಿ ಪುಸ್ತಕದ ಪದ ಸುಲಿಗೆಯ ಪದವಾಯಿತು.

ತಿಗಳರಪೇಟೆಯ ಎಂ.ಪಿ. ಜಯರಾಜ್ ಹೆಸರು ತುರ್ತು ಪರಿಸ್ಥಿತಿಯ ಕಾಲದಲ್ಲಿ ಊರೆಲ್ಲ ಹಬ್ಬಿತು. ರಾಜಕೀಯದ ನೆರಳು ಅವನ ಬೆನ್ನಿಗಿತ್ತು ಎಂಬುದು ಆಗ ಗುಟ್ಟಾಗಿರಲಿಲ್ಲ. ನ್ಯಾಯಾಲಯದಲ್ಲೇ ಎದುರಾಳಿಯ ಮೇಲೆ ನಡೆದ ಹಲ್ಲೆಯ ಪ್ರಕರಣದಲ್ಲಿ ಅವನು ಜೈಲು ಸೇರಿದ. ಅವನಿಲ್ಲದ ವರ್ಷಗಳಲ್ಲಿ ಶಿವಮೊಗ್ಗ ಕಡೆಯಿಂದ ಬಂದ ಕೊತ್ವಾಲ್ ರಾಮಚಂದ್ರ ತಲೆಯೆತ್ತಿದ. ಇಬ್ಬರಲ್ಲಿ ಒಬ್ಬ ಹಳೆಯ ಪೇಟೆಯ ಮಗ, ಇನ್ನೊಬ್ಬ ಮಲೆನಾಡಿನ ಸೀಮೆಯಿಂದ ಬಂದವನು. ಹೊರಗಿನವರೇ ರೌಡಿಗಳು ಎಂಬ ಮಾತು ಇಲ್ಲಿಗೇ ಸುಳ್ಳಾಗುತ್ತದೆ.

ಸೀಮೆಎಣ್ಣೆಯಿಂದ ನಿವೇಶನಕ್ಕೆ

ಭೂಗತ ಲೋಕದ ಅಡ್ಡಹೆಸರುಗಳೇ ಒಂದು ಅರ್ಥಶಾಸ್ತ್ರ. 'ಆಯಿಲ್' ಕುಮಾರ್ ಎಂಬ ಹೆಸರಿನ ಹಿಂದೆ ಎಣ್ಣೆ ದಂಧೆಯಿತ್ತು. ಪಡಿತರದ ಸೀಮೆಎಣ್ಣೆಗೆ ಒಂದು ಬೆಲೆ, ಹೊರಗೆ ಇನ್ನೊಂದು ಬೆಲೆ ಇದ್ದ ಕಾಲದಲ್ಲಿ ಆ ಅಂತರವೇ ಬಂಡವಾಳ. ಇನ್ನೊಂದು ದೊಡ್ಡ ಆದಾಯ ಸಾರಾಯಿಯದು. ಸಾರಾಯಿ ಮಾರುವ ಹಕ್ಕನ್ನು ಸರ್ಕಾರ ಹರಾಜು ಹಾಕುತ್ತಿತ್ತು. ಗುತ್ತಿಗೆ ಹಿಡಿದವನು ತನ್ನ ಪ್ರದೇಶದಲ್ಲಿ ಬೇರೆಯವರ ಸರಕು ನುಗ್ಗದಂತೆ ಕಾಯಲು ಆಳುಗಳನ್ನಿಟ್ಟುಕೊಳ್ಳುತ್ತಿದ್ದ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಪೂರಿತ ಕಳ್ಳಬಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಬಹುಪಾಲು ಕೂಲಿ ಮಾಡುವ ಬಡವರು. ದಾದಾಗಿರಿಯ ಕಥೆಗಳಲ್ಲಿ ಲಾಂಗು, ಮಚ್ಚುಗಳ ವರ್ಣನೆ ಬೇಕಾದಷ್ಟಿದೆ. ಈ ಸಾವುಗಳ ನೆನಪು ಮಾತ್ರ ಅಪರೂಪ.

1985ರಲ್ಲಿ ವಿಧಾನಮಂಡಲ ಒಂದು ಕಾಯ್ದೆ ಮಾಡಿತು. ಜನ ಅದನ್ನು 'ಗೂಂಡಾ ಕಾಯ್ದೆ' ಎಂದು ಕರೆದರು. ಅದರ ಪೂರ್ಣ ಹೆಸರಿನಲ್ಲಿ ಗೂಂಡಾಗಳ ಜೊತೆಗೆ ಕಳ್ಳಬಟ್ಟಿಯವರು, ಮಾದಕವಸ್ತು ಮಾರುವವರು, ಜೂಜುಕೋರರು, ಹೆಣ್ಣುಮಕ್ಕಳನ್ನು ದಂಧೆಗೆ ತಳ್ಳುವವರು, ಕೊಳೆಗೇರಿ ಕಬಳಿಸುವವರು ಎಲ್ಲರೂ ಇದ್ದಾರೆ. ಕೊನೆಯ ಪದ ಗಮನಿಸಬೇಕು. ಸರ್ಕಾರಿ ಖಾಲಿ ಜಾಗದಲ್ಲಿ ಗುಡಿಸಲು ಹಾಕಿಸಿ, ಬಡವರಿಂದ ಬಾಡಿಗೆ ಎತ್ತುವವರು ಒಂದು ಪ್ರತ್ಯೇಕ ವರ್ಗವೆಂದು ಕಾನೂನೇ ಒಪ್ಪಿಕೊಂಡಿತು. ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿಡುವ ಅಧಿಕಾರವನ್ನು ಅದು ಕೊಟ್ಟಿತು. ಬಡವರು ಗುಡಿಸಲಿಗಾಗಿ ಅಂಥವರ ಬಳಿ ಏಕೆ ಹೋಗುತ್ತಾರೆ ಎಂಬ ಪ್ರಶ್ನೆಗೆ ಬಂಧನದಲ್ಲಿ ಉತ್ತರವಿರಲಿಲ್ಲ.

ಕೊತ್ವಾಲ್ ರಾಮಚಂದ್ರ 1986ರಲ್ಲಿ ತುಮಕೂರು ಜಿಲ್ಲೆಯ ತೋಟವೊಂದರಲ್ಲಿ ಕೊಲೆಯಾದ. ಆ ದಿನಗಳನ್ನು ಅಗ್ನಿ ಶ್ರೀಧರ್ 'ದಾದಾಗಿರಿಯ ದಿನಗಳು' ಎಂಬ ಆತ್ಮಕಥನದಲ್ಲಿ ಬರೆದಿದ್ದಾರೆ. 2007ರ 'ಆ ದಿನಗಳು' ಚಿತ್ರಕ್ಕೆ ಅದೇ ಆಧಾರ. ಜೈಲಿನಿಂದ ಹೊರಬಂದು 'ಗರೀಬಿ ಹಟಾವೊ' ಎಂಬ ಪತ್ರಿಕೆಯನ್ನೂ ನಡೆಸಿದ ಜಯರಾಜ್ 1989ರ ನವೆಂಬರಿನಲ್ಲಿ ಗುಂಡಿಗೆ ಬಲಿಯಾದ. ಜೊತೆಗಿದ್ದ ವಕೀಲರೊಬ್ಬರೂ ಸತ್ತರು. 1995ರಲ್ಲಿ ಬಂದ ಉಪೇಂದ್ರ ನಿರ್ದೇಶನದ 'ಓಂ' ಚಿತ್ರದಲ್ಲಿ ನಿಜವಾದ ರೌಡಿಗಳೇ ತೆರೆಯ ಮೇಲೆ ಕಾಣಿಸಿಕೊಂಡರು. ಪೊಲೀಸ್ ದಾಖಲೆಯ ಹೆಸರುಗಳು ಪೋಸ್ಟರಿಗೆ ಬಂದವು.

ಅಷ್ಟು ಹೊತ್ತಿಗೆ ದಂಧೆಯ ಸ್ವರೂಪವೇ ಬದಲಾಗಿತ್ತು. ಬೆಂಗಳೂರಿನಲ್ಲಿ ಚಿನ್ನಕ್ಕಿಂತ ಬೇಡಿಕೆಯಿದ್ದದ್ದು ನೆಲಕ್ಕೆ. 1976ರ ನಗರ ಭೂಮಿತಿ ಕಾಯ್ದೆ ಖಾಸಗಿ ನೆಲದ ವ್ಯವಹಾರವನ್ನು ಬಿಗಿ ಮಾಡಿತು. ಪ್ರಾಧಿಕಾರದ ನಿವೇಶನಕ್ಕೆ ವರ್ಷಗಟ್ಟಲೆ ಕಾಯಬೇಕು. ಜನ ಹೊಲದ ನೆಲವನ್ನೇ ತುಂಡು ಮಾಡಿ ಮಾರಿದ 'ರೆವಿನ್ಯೂ ಸೈಟು'ಗಳತ್ತ, ಗೃಹನಿರ್ಮಾಣ ಸಹಕಾರ ಸಂಘಗಳತ್ತ ಹೊರಳಿದರು. ಆ ಸಂಘಗಳ ಅವ್ಯವಹಾರಗಳನ್ನು ಜಿ.ವಿ.ಕೆ. ರಾವ್ ಸಮಿತಿ 1988ರಲ್ಲೇ ಬಯಲು ಮಾಡಿತು. ಹಕ್ಕುಪತ್ರ ಸರಿಯಿಲ್ಲದ ನೆಲದ ತಂಟೆ ಸಿವಿಲ್ ನ್ಯಾಯಾಲಯಕ್ಕೆ ಹೋದರೆ ತೀರ್ಪಿಗೆ ಒಂದು ತಲೆಮಾರು ಬೇಕು. ಆಗ 'ಸೆಟ್ಲ್‌ಮೆಂಟ್' ಮಾಡಿಸುವವನು ಕಾಣಿಸಿಕೊಂಡ. ಮಚ್ಚು ಹಿಡಿದು ಬೀದಿಯಲ್ಲಿ ನಿಲ್ಲುವವನಿಗಿಂತ ಕುರ್ಚಿಯಲ್ಲಿ ಕೂತು ಎರಡೂ ಕಡೆಯವರನ್ನು ಕರೆಸುವವನಿಗೆ ಬೆಲೆ ಬಂತು.

ಪುತ್ತೂರು ಕಡೆಯಿಂದ ಬಂದ ಮುತ್ತಪ್ಪ ರೈ ಹೆಸರು ಜಯರಾಜ್ ಕೊಲೆ ಪ್ರಕರಣದಲ್ಲಿ ಕೇಳಿಬಂದಿತ್ತು. ದುಬೈ ಸೇರಿದ್ದ ಅವರನ್ನು 2002ರಲ್ಲಿ ಭಾರತಕ್ಕೆ ಕರೆತರಲಾಯಿತು. ಪ್ರಕರಣಗಳಲ್ಲಿ ಖುಲಾಸೆಯಾದ ಬಳಿಕ ಅವರು 2008ರಲ್ಲಿ 'ಜಯ ಕರ್ನಾಟಕ' ಸಂಘಟನೆ ಕಟ್ಟಿದರು, 2020ರಲ್ಲಿ ತೀರಿಕೊಂಡರು. ಈ ನಡುವೆ 2000ದಲ್ಲಿ ಸಂಘಟಿತ ಅಪರಾಧಗಳ ನಿಯಂತ್ರಣಕ್ಕೆ 'ಕೋಕಾ' ಕಾಯ್ದೆ ಬಂದಿತ್ತು. ಎ.ಟಿ. ರಾಮಸ್ವಾಮಿ ಅಧ್ಯಕ್ಷತೆಯ ಜಂಟಿ ಸದನ ಸಮಿತಿ 2007ರ ವೇಳೆಗೆ ಕೊಟ್ಟ ವರದಿ ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ 27 ಸಾವಿರ ಎಕರೆಗೂ ಹೆಚ್ಚು ಸರ್ಕಾರಿ ಭೂಮಿ ಒತ್ತುವರಿಯಾಗಿದೆ ಎಂದಿತು. ಇಷ್ಟು ನೆಲ ಮಚ್ಚಿನಿಂದ ಮಾತ್ರ ಹೋಗುವುದಿಲ್ಲ. ಅದಕ್ಕೆ ಕಾಗದ ಬೇಕು, ಮೊಹರು ಬೇಕು, ಕಣ್ಣು ಮುಚ್ಚಿಕೊಳ್ಳುವ ಕಚೇರಿ ಬೇಕು.

ಸಂದು ಮುಚ್ಚಿದಾಗ

ಪೊಲೀಸರ ಬಿಗಿ ಕ್ರಮಗಳಿಂದ ಗುಂಪುಗಳು ಚದುರಿದ್ದುಂಟು. ನಾಯಕರು ಒಬ್ಬರನ್ನೊಬ್ಬರು ಕೊಂದು ಮುಗಿಸಿದ್ದೂ ಉಂಟು. ಆದರೆ ದಂಧೆಯ ಬುಡವೇ ಒಣಗಿದ್ದು ಕೊರತೆ ತುಂಬಿದ ಕಡೆ. ಮನೆಮನೆಗೆ ಅಡುಗೆ ಅನಿಲ ಬಂದ ಮೇಲೆ ಸೀಮೆಎಣ್ಣೆಯ ಕಾಳಸಂತೆಗೆ ಮೊದಲಿನ ಬೆಲೆ ಉಳಿಯಲಿಲ್ಲ. 2007ರ ಜುಲೈ 1ರಿಂದ ಸಾರಾಯಿ ನಿಂತ ಮೇಲೆ ಗುತ್ತಿಗೆದಾರರ ಪಡೆಗಳ ಕಾಲ ಮುಗಿಯಿತು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ತಳ್ಳುಗಾಡಿಯವನಿಗೆ ಗುರುತಿನ ಚೀಟಿಯ ಹಕ್ಕು ಕೊಟ್ಟಿತು. 2020ರಲ್ಲಿ ಬಂದ ಸ್ವನಿಧಿ ಯೋಜನೆ 10,000 ರೂಪಾಯಿಯ ಮೊದಲ ಸಾಲವನ್ನು ಬ್ಯಾಂಕಿನಿಂದ ಕೊಡಿಸಿತು. ಚೀಟಿಯೂ ಸಾಲವೂ ಕೈಗೆ ಸಿಕ್ಕ ವ್ಯಾಪಾರಿಗೆ ಮಾಮೂಲಿನವನ, ಮೀಟರ್ ಬಡ್ಡಿಯವನ ಹಂಗು ಅಷ್ಟರಮಟ್ಟಿಗೆ ಕಡಿಮೆ.

ಹಾಗೆಂದು ಎಲ್ಲ ಸಂದುಗಳೂ ಮುಚ್ಚಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಹೊರವಲಯದ ಕೊಳವೆಬಾವಿಗಳು ಬತ್ತಿದಾಗ ಖಾಸಗಿ ಟ್ಯಾಂಕರ್ ನೀರಿನ ದರಕ್ಕೆ ಸರ್ಕಾರವೇ ಮಿತಿ ಹಾಕಬೇಕಾಯಿತು. ನೀರು ಮಾರುವವರೆಲ್ಲ ದಾದಾಗಳಲ್ಲ. ಆದರೆ ನಲ್ಲಿಯಲ್ಲಿ ಬರಬೇಕಾದದ್ದು ಯಾರದೋ ಮರ್ಜಿಯಿಂದ ಬರುವಂತಾದರೆ ಆ ಮರ್ಜಿಗೆ ಬೆಲೆ ಕಟ್ಟುವವನು ತಡವಿಲ್ಲದೆ ಬರುತ್ತಾನೆ ಎಂಬುದನ್ನು ಮೂರು ನಗರಗಳ ಚರಿತ್ರೆಯೂ ಹೇಳುತ್ತದೆ. ನಿವೇಶನ ಕೊಳ್ಳಲು ಹೊರಟವರು ಖಾತೆ, ಭೂಪರಿವರ್ತನೆ, ಋಣಭಾರ ಪತ್ರಗಳನ್ನು ವಕೀಲರಿಗೆ ತೋರಿಸಿಯೇ ಮುಂದುವರಿಯಬೇಕು ಎಂಬ ಹಳೆಯ ಬುದ್ಧಿಮಾತಿನ ಹಿಂದೆ ಈ ಚರಿತ್ರೆಯಿದೆ. ಕಾಗದ ಗಟ್ಟಿಯಿದ್ದರೆ ಸೆಟ್ಲ್‌ಮೆಂಟಿನವನ ಬಾಗಿಲು ತಟ್ಟುವ ಪ್ರಸಂಗ ಕಡಿಮೆ.

ಬೆಂಗಳೂರಿನಲ್ಲೂ ಬಂದವರ ಕೈ ಹಿಡಿದ ಸಂಸ್ಥೆಗಳ ಸಾಲು ಉದ್ದವಿದೆ. 1906ರ ಒಕ್ಕಲಿಗರ ಸಂಘದಿಂದ 1943ರ ಅಖಿಲ ಹವ್ಯಕ ಮಹಾಸಭೆಯವರೆಗೆ ಹಲವು ಸಮುದಾಯಗಳು ಸಂಘ ಕಟ್ಟಿಕೊಂಡವು, ವಿದ್ಯಾರ್ಥಿನಿಲಯಗಳು ಎದ್ದವು. ಹಳ್ಳಿಯಿಂದ ಬಂದ ಹುಡುಗನಿಗೆ ಊಟ, ಚಾಪೆ, ನಾಲ್ಕು ಜನ ಪರಿಚಿತರು ಸಿಕ್ಕರು. ಸಮುದಾಯದ ಬಲವಿದ್ದವರಿಗೆ ಇದು ಸಾಧ್ಯವಾಯಿತು. ಅಂಥ ಸಂಘ, ನಿಲಯ, ಶಿಫಾರಸು ಯಾವುದೂ ಇಲ್ಲದೆ ಬಂದವರು ಹೆಚ್ಚು. ಗಾರೆ ಕೆಲಸಕ್ಕೆ ಬರುವ ಉತ್ತರ ಕರ್ನಾಟಕದ ಕುಟುಂಬ, ಹೋಟೆಲಿಗೆ ಬರುವ ಈಶಾನ್ಯದ ಹುಡುಗ, ಕಾವಲು ಕೆಲಸಕ್ಕೆ ಬರುವ ಒಡಿಶಾದವನು ಇಂದು ಅದೇ ಸಾಲಿನಲ್ಲಿ ನಿಂತಿದ್ದಾರೆ. ಮುಂಬಯಿಯಲ್ಲಿ ಒಮ್ಮೆ ಕನ್ನಡಿಗ ನಿಂತಿದ್ದ ಜಾಗವೂ ಅದೇ. ಅವರಿಗೆ ಮೊದಲು ಸಿಗುವುದು ಕಾರ್ಮಿಕ ಇಲಾಖೆಯ ನೋಂದಣಿಯೋ, ಮಕ್ಕಳಿಗೆ ಶಾಲೆಯೋ, ಅಥವಾ ಓಣಿಯ ಅಣ್ಣನೋ ಎಂಬುದರ ಮೇಲೆ ಆ ಬೀದಿಯ ಮುಂದಿನ ಚರಿತ್ರೆ ನಿಂತಿದೆ.